ಮುದ್ದುಮಾದ ಒತ್ತು ಕೊಟ್ಟದ್ದು

ಒಂದೂರಲ್ಲಿ ಒಂದು ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯ ಅಂದಮೇಲೆ ಅದರ ಹಿಂದೆ ಒಂದು ಝೆರಾಕ್ಸ್ ಅಂಗಡಿ ಇರಲೇಬೇಕು, ಇಲ್ಲದಿದ್ದರೆ ಅಲ್ಲಿ ವಿದ್ಯೆ ಹುಟ್ಟೋದಾದರೂ ಹೇಗೆ? ಈ ಅಂಗಡಿ ಕೆಂಪದೇವಮ್ಮನದು. ಬಾಗಿಲ ಮೇಲೆ ದೊಡ್ಡ ಬೋರ್ಡು: "ಕೆಂಪದೇವಮ್ಮ ಡಿ.ಟಿ.ಪಿ., ಝೆರಾಕ್ಸ್ ಮತ್ತು ಬೈಂಡಿಂಗ್. ಇಲ್ಲಿ ತಪ್ಪಿಲ್ಲದೆ ಟೈಪ್ ಮಾಡಿಕೊಡಲಾಗುವುದು."

ಬೋರ್ಡು ಸುಳ್ಳಲ್ಲ. ಕೆಂಪದೇವಮ್ಮ ಟೈಪ್ ಮಾಡಿದರೆ ತಪ್ಪು ಹುಡುಕೋಕೆ ಭೂತಗನ್ನಡಿ ಬೇಕು. ಪ್ರೊಫೆಸರುಗಳು ಬರೆದ ತಪ್ಪನ್ನೂ ಬಾಯಿ ಬಿಡದೆ ತಿದ್ದಿ ಕಳಿಸುತ್ತಿದ್ದಳು. ಆದರೆ ಆಕೆಗೊಬ್ಬ ಮಗ. ಹೆಸರು ಮುದ್ದುಮಾದ. ಮುದ್ದಿಗೇನೂ ಕಮ್ಮಿ ಇರಲಿಲ್ಲ. ತಲೆ ಮಾತ್ರ, ಏನು ಹೇಳೋದು, ಹೇಳಿದ್ದು ಹೇಳಿದ ಹಾಗೇ ಒಳಗೆ ಹೋಗಿ ಹೋದ ಹಾಗೇ ಈಚೆ ಬರುತ್ತಿತ್ತು. "ಬಾಗಿಲು ನೋಡ್ಕೊಳೋ" ಅಂದರೆ ಬಾಗಿಲನ್ನೇ ನೋಡುತ್ತಾ ಕೂತಿರುತ್ತಿದ್ದ. ಒಳಗಿನ ಮಿಕ್ಸಿ ಯಾರೋ ಎತ್ತಿಕೊಂಡು ಹೋದರೂ ಬಾಗಿಲು ಭದ್ರವಾಗಿರುತ್ತಿತ್ತು. ಅಡಿಗೆ ಒಂದನ್ನು ಮಾತ್ರ ಚೆನ್ನಾಗಿ ಮಾಡುತ್ತಿದ್ದ.

"ಲೋ ಮಾದ, ನನ್ ಹೊಟ್ಟೆ ಉರಿಸೋಕೇ ಹುಟ್ಟಿದ್ಯೇನೋ!" ಅನ್ನೋಳು ತಾಯಿ.

"ಇಲ್ಲ ಅವ್ವ, ನೀರು ತರ್ಲಾ?" ಅನ್ನೋನು ಮಗ.

ಹೀಗಿರುವಾಗ ಕೆಂಪದೇವಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಬಲಗೈ ಮುರೀತು. ಆಸ್ಪತ್ರೆಯವರು ಪ್ಲಾಸ್ಟರ್ ಪಟ್ಟಿ ಹಾಕಿ ಕೈಯನ್ನು ಕುತ್ತಿಗೆಗೆ ತಗಲುಹಾಕಿದರು. ಸರಿಯಾಗಿ ಆ ವಾರವೇ ಬಂದರು ವನಜಾಕ್ಷಿ ಮೇಡಂ.

ಮೇಡಂ ಶಾಲೆ ಟೀಚರು. ಡಾಕ್ಟರೇಟಿಗೆ ಅಂತ ಎಷ್ಟೋ ವರ್ಷದಿಂದ ಹಳ್ಳಿ ಹಳ್ಳಿ ತಿರುಗಿ, ಮುದುಕಿಯರ ಮುಂದೆ ಕೂತು, ಅತ್ತೆ ಸೊಸೆ ಕತೆ ಕೂಡಿಸಿದ್ದರು. ಮನೇಲಿ ಅವರಿಗೂ ಒಬ್ಬ ಅತ್ತೆ ಇದ್ದರು. ಅವರ ಎದುರು ಪುಸ್ತಕ ಬಿಚ್ಚುವ ಹಾಗಿರಲಿಲ್ಲ. ಅದಕ್ಕೇ ಪ್ರಬಂಧ ಪೂರ್ತಿ ಮೊಬೈಲಲ್ಲಿ ಒಂದೇ ಬೆರಳಲ್ಲಿ ಬರೆದಿದ್ದರು, ಬಸ್ಸಲ್ಲಿ, ಸ್ಟಾಫ್ ರೂಮಲ್ಲಿ, ಹಾಲು ಉಕ್ಕೋಕೆ ಮುಂಚೆ ಒಲೆ ಪಕ್ಕದಲ್ಲಿ. ಬರೀ ಅಕ್ಷರ, ಬೇರೆ ಏನೂ ಇಲ್ಲ. ದಪ್ಪ ಬರಬೇಕಾದ ಪದದ ಅಕ್ಕಪಕ್ಕ ಒಂದೊಂದು ನಕ್ಷತ್ರದ ಗುರುತು. ಟಿಪ್ಪಣಿಗಳು ಅಲ್ಲಲ್ಲೇ ಕಂಸದೊಳಗೆ.

"ದೇವಮ್ಮನೋರೆ, ಇದನ್ನ ವರ್ಡ್ ಫೈಲ್ ಮಾಡ್ಕೊಡಿ. ಶನಿವಾರ ಕೊನೇ ದಿನ. ಅವತ್ತು ಸಂಜೆಯೊಳಗೆ ಕೊಡ್ಲಿಲ್ಲ ಅಂದ್ರೆ ನನ್ನ ಹೆಸರು ಹೊಡೆದುಹಾಕ್ತಾರೆ. ಇಷ್ಟು ವರ್ಷದ್ದು ನೀರಲ್ಲಿ ಹೋಮ" ಅಂದರು ಮೇಡಂ.

ಕೆಂಪದೇವಮ್ಮ ತನ್ನ ಕೈ ನೋಡಿಕೊಂಡಳು. ಮೇಡಂ ಮುಖ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಮಗನನ್ನು ನೋಡಿದಳು. "ಆಯ್ತು ಮೇಡಮ್ನೋರೆ. ನನ್ ಬಾಯಿ, ಇವನ್ ಕೈ. ಮಾಡ್ಸ್ತೀನಿ" ಅಂದಳು.

ಅಯ್ಯೋ ತಾಯಿ, ಹಾಗನ್ನಬಾರದಿತ್ತು.

ಸೋಮವಾರ ಆಸ್ಪತ್ರೆಗೆ ಹೊರಟ ಕೆಂಪದೇವಮ್ಮ ಹೇಳಿದಳು, "ಮಾದ, ವಿಶ್ವವಿದ್ಯಾಲಯದ ನಿಯಮ ಕೇಳು. ಒಂದು ಸಾಲು ಬಿಟ್ಟು ಒಂದು ಸಾಲು ಇರ್ಬೇಕು. ತಿಳೀತಾ?"

"ತಿಳೀತು ಅವ್ವ! ಒಂದು ಸಾಲು ಬಿಟ್ಟು ಒಂದು ಸಾಲು!"

ಸಂಜೆ ಬಂದು ನೋಡಿದರೆ ಪ್ರಬಂಧ ಅರ್ಧಕ್ಕೆ ಇಳಿದಿದೆ! ಮಾದ ಒಂದು ಸಾಲು ಇಟ್ಟುಕೊಂಡು ಒಂದು ಸಾಲು ಅಳಿಸಿದ್ದ. ಮೇಡಂ ಬರೆದಿದ್ದ ಕತೆಯಲ್ಲಿ ಸೊಸೆ ಒಲೆಯ ಮೇಲೆ ಅನ್ನಕ್ಕಿಟ್ಟು ಹೊರಗೆ ಬರುತ್ತಾಳೆ, ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಮಲಗಿರುತ್ತಾಳೆ. ಈಗ ನಡುವಿನ ಸಾಲು ಹೋಗಿ ಹೀಗಾಗಿತ್ತು: "ಸೊಸೆ ಒಲೆಯ ಮೇಲೆ ಕಾಲು ಚಾಚಿ ಮಲಗಿದ್ದಳು."

"ಲೋ ಮೂದೇವಿ! ಏನೋ ಇದು!"

"ನೀನೇ ಅಂದ್ಯಲ್ಲ ಅವ್ವ, ಬಿಡು ಅಂತ. ಬಿಟ್ಟೆ."

"ಬಿಡೋದು ಅಂದ್ರೆ ಜಾಗ ಬಿಡೋದು ಕಣೋ! ಮೇಡಂ ಬರೆದದ್ದನ್ನ ಬಿಡೋದಲ್ಲ! ಇನ್ಮೇಲೆ ಏನನ್ನೂ ಬಿಡಬೇಡ. ಅವರು ಏನ್ ಬರೆದಿದಾರೋ ಒಂದಕ್ಷರ ಬಿಡದೆ ಎಲ್ಲಾ ಬರ್ಬೇಕು!"

"ಎಲ್ಲಾ ಬರ್ಬೇಕು. ತಿಳೀತು ಅವ್ವ!"

ಮೂಲ ಮೊಬೈಲಲ್ಲಿತ್ತು, ಬಚಾವ್. ಮಂಗಳವಾರ ಮತ್ತೆ ಶುರು. ಈ ಸಲ ಮಾದ ಒಂದಕ್ಷರ ಬಿಡಲಿಲ್ಲ. ಮೇಡಂ ಏನೇನು ಬರೆದಿದ್ದರೋ ಎಲ್ಲಾ ಬಂತು. ಆದರೆ ಮೇಡಂ ಏನೇನು ಬರೆದಿದ್ದರು? ನಾವು ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿಕೊಳ್ಳುವ ಹಾಗೆ ನಡುನಡುವೆ ತಮಗೆ ತಾವೇ ಹೇಳಿಕೊಂಡ ಮಾತುಗಳೂ ಅದರಲ್ಲಿದ್ದವು. ಸಾಯಂಕಾಲ ಮೇಡಂ ಬಂದು ಒಂದು ಪುಟ ತೆಗೆದು ಓದಿದರು. ಮುಖ ಬಿಳಿಚಿಕೊಂಡಿತು.

"'ಸೊಸೆಯ ಮೌನವೇ ಅವಳ ಪ್ರತಿಭಟನೆ. ನಾಳೆ ದೋಸೆಗೆ ನೆನೆಹಾಕಬೇಕು. ಈ ಪ್ಯಾರಾ ಗೈಡ್ ಹೇಳಿದರು ಅಂತ ಸೇರಿಸಿದ್ದು, ತಲೆಬುಡ ಇಲ್ಲ. ಇಲ್ಲಿ ಯತಿರಾಜ ಸರ್ ಪುಸ್ತಕ ಹೊಗಳಬೇಕು, ಓದಿಲ್ಲ.' ಅಯ್ಯಯ್ಯೋ, ಇದೇನಪ್ಪ ಮಾದ!"

ಯತಿರಾಜ ಸರ್ ಅಂದರೆ ಮೇಡಂ ಗೈಡು. ಗೈಡು ಅಂದರೆ ದಾರಿ ತೋರಿಸೋರು ಅಂತ ಲೆಕ್ಕ. ಇವರು ಬಾಗಿಲು ತೋರಿಸುತ್ತಿದ್ದರು. ಹೋದಾಗಲೆಲ್ಲ "ಮುಂದಿನ ವಾರ ಬಾಮ್ಮ" ಅಂದು ಕಳಿಸಿ, ಒಂದೇ ಒಂದು ಪುಟವನ್ನೂ ಓದದೆ ಇಷ್ಟು ವರ್ಷ ಕಳೆದಿದ್ದರು. ಆ ಮಾತು ಅವರ ಕಣ್ಣಿಗೆ ಬಿದ್ದಿದ್ದರೆ ಮೇಡಂ ಕತೆ ಅಲ್ಲಿಗೇ ಮುಗಿಯುತ್ತಿತ್ತು.

"ನಾನು ಗೀಚಿದ್ದೆಲ್ಲ ನಾನೇ ಅಳಿಸ್ತೀನಿ" ಅಂತ ಮೇಡಂ ಬೆವರು ಒರೆಸಿಕೊಂಡು ಕೂತು ಅಳಿಸಿದರು. ಆಮೇಲೆ ಹೇಳಿದರು, "ನೋಡಪ್ಪ, ಈ ಟಿಪ್ಪಣಿಗಳೂ ಹೀಗೆ ನಡುವೆ ಇರ್ಬಾರದು. ಎಲ್ಲಾ ಅಡಿಗೆ ಹಾಕ್ಬೇಕು. ನಾಳೆ ಅದೊಂದು ಮಾಡು."

"ಅಡಿಗೆ ತಾನೆ ಮೇಡಂ? ನನಗೆ ಚೆನ್ನಾಗಿ ಬರುತ್ತೆ!"

ಮೇಡಂಗೆ ಸಮಾಧಾನವಾಯಿತು. ಹೋದರು.

ಬುಧವಾರ ಮಧ್ಯಾಹ್ನ ಕೆಂಪದೇವಮ್ಮ ಎಡಗೈಲಿ ಚಮಚ ಹಿಡಿದು ಊಟಕ್ಕೆ ಕೂತಳು. ಹುರುಳಿಕಾಳು ಸಾರು. ಒಂದು ತುತ್ತು ಬಾಯಿಗಿಟ್ಟಳು. ಏನೋ ಹಲ್ಲಿಗೆ ಸಿಕ್ಕಿತು. ಕರಿಬೇವು ಅಂದುಕೊಂಡಳು. ಅಗಿದರೆ ಹರಿಯಲಿಲ್ಲ. ಎಳೆದು ನೋಡಿದಳು. ಒಂದು ಚೀಟಿ! ಅದರ ಮೇಲೆ ಬರೆದಿತ್ತು: "ಅದೇ ಗ್ರಂಥ, ಅದೇ ಪುಟ."

ಸಾರಿಗೆ ಸೌಟು ಹಾಕಿದರೆ ಇನ್ನಷ್ಟು ಚೀಟಿ. "ಹೆಚ್ಚಿನ ವಿವರಗಳಿಗೆ ನೋಡಿ." "ಈ ಮಾತನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ."

"ಮಾದಾ!"

"ಉಪ್ಪು ಸಾಕಾ ಅವ್ವ? ಟಿಪ್ಪಣಿ ಎಲ್ಲಾ ಅಡಿಗೆ ಹಾಕು ಅಂದ್ರು ಮೇಡಂ. ಪ್ರಿಂಟ್ ತೆಗೆದು, ಕತ್ತರಿಸಿ, ತೊಳೆದು ಹಾಕಿದೀನಿ. ಒಂದಿಷ್ಟು ಪಲ್ಯಕ್ಕೂ ಹಾಕಿದೀನಿ."

"ಅಡಿ ಅಂದ್ರೆ ಪುಟದ ತಳ ಕಣೋ, ತಳ! ಪುಟದ ತಳಕ್ಕೆ ಹಾಕು ಅಂದ್ರೆ ನನ್ನ ಹೊಟ್ಟೆ ತಳಕ್ಕೆ ಹಾಕಿದ್ಯಲ್ಲೋ ಪಾಪಿ!"

ಕೆಂಪದೇವಮ್ಮ ಅವತ್ತು ಅಂಗಡಿ ಬಾಗಿಲು ಹಾಕಿ, ಮಗನ ಪಕ್ಕ ಕೂತು, ಒಂದೊಂದು ಗುಂಡಿಯನ್ನೂ ಬೆರಳಿಟ್ಟು ತೋರಿಸಿ, ಟಿಪ್ಪಣಿಗಳನ್ನು ಪುಟದ ತಳಕ್ಕೆ ಇಳಿಸಿದಳು. ಆಗಾಗ ತೇಗು ಬರುತ್ತಿತ್ತು. ಅಷ್ಟು ಹೊತ್ತಿಗೆ ಸಾಕುಸಾಕಾಗಿ ಅಂದಳು, "ಇನ್ನು ದಪ್ಪ ಮಾಡೋದೊಂದು ಉಳೀತು. ಕಣ್ಣಿಗೆ ಕಂಡದ್ದನ್ನೆಲ್ಲ ದಪ್ಪ ಮಾಡ್ಬೇಡ. ನಕ್ಷತ್ರ ನೋಡ್ಕೊಂಡು ಮಾಡು."

"ನಕ್ಷತ್ರ ನೋಡ್ಕೊಂಡು. ತಿಳೀತು ಅವ್ವ!"

ಗುರುವಾರ ಬೆಳಗ್ಗೆ ಎದ್ದವನೇ ಮಾದ ಸ್ನಾನ ಮಾಡಿ ಗಣಪತಿ ಗುಡಿ ಜೋಯಿಸರ ಹತ್ತಿರ ಹೋದ.

"ಸ್ವಾಮಿ, ಇವತ್ತು ಯಾವ ನಕ್ಷತ್ರ?"

"ಭರಣಿ. ಏನ್ ಕೆಲಸ?"

"ದಪ್ಪ ಮಾಡ್ಬೇಕು ಸ್ವಾಮಿ."

"ಯಾರನ್ನ?"

"ಅತ್ತೆ ಸೊಸೆನ."

ಜೋಯಿಸರು ಕನ್ನಡಕದ ಮೇಲಿಂದ ನೋಡಿದರು. ಇಂಥವರನ್ನು ಅವರು ದಿನಾ ನೋಡುವವರೇ. "ಭರಣಿ ಬೇಡ. ನಾಳೆ ಕೃತ್ತಿಕೆ, ಅದೂ ಬೇಡ. ಶನಿವಾರ ರೋಹಿಣಿ, ಪ್ರಶಸ್ತವಾಗಿದೆ. ಅಲ್ಲೀವರೆಗೆ ಇಬ್ಬರಿಗೂ ಹಾಲು ತುಪ್ಪ ಕೊಡ್ತಿರಿ" ಅಂದು ದಕ್ಷಿಣೆ ತಗೊಂಡರು.

ಗುರುವಾರ ಪೂರ್ತಿ ಮಾದ ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತ. ಶುಕ್ರವಾರವೂ ಕೂತ. ತಾಯಿ ಹಾದುಹೋಗುವಾಗೆಲ್ಲ "ನಡೀತಿದ್ಯೇನೋ?" ಅನ್ನೋಳು. "ನಡೀತಿದೆ ಅವ್ವ" ಅನ್ನೋನು. ನಡೆಯುತ್ತಿದ್ದದ್ದು ಕೃತ್ತಿಕಾ ನಕ್ಷತ್ರ. ಶುಕ್ರವಾರ ದೀಪ ಹಚ್ಚೋ ಹೊತ್ತಿಗೆ ಕೆಂಪದೇವಮ್ಮ ಬಗ್ಗಿ ನೋಡಿದಳು. ಒಂದಕ್ಷರವೂ ದಪ್ಪ ಆಗಿಲ್ಲ. ಕಂಪ್ಯೂಟರ್ ಪಕ್ಕದಲ್ಲಿ ಎರಡು ಲೋಟ ಹಾಲು ಮಾತ್ರ ಇತ್ತು, ತುಪ್ಪ ತೇಲುತ್ತಾ.

"ರೋಹಿಣಿ ನಾಳೆ ಬರುತ್ತೆ ಅವ್ವ" ಅಂದ ಮಾದ.

ಕೆಂಪದೇವಮ್ಮ ಹಣೆ ಹಣೆ ಚಚ್ಚಿಕೊಂಡಳು, ಎಡಗೈಲಿ. "ರೋಹಿಣಿ ಅಲ್ವೋ! ಬರಹದೊಳಗೆ ಚುಕ್ಕೆ ಥರ ಗುರುತು ಇದೆ ನೋಡು, ಅದು ಕಣೋ ನಕ್ಷತ್ರ! ಪಂಚಾಂಗ ಬೇಡ, ಜೋಯಿಸ್ರು ಬೇಡ, ದಪ್ಪವೂ ಬೇಡ, ನಿನಗೆ ಆ ಮಾತೇ ಬೇಡ! ಸುಮ್ನೆ ಹೀಗೆ ಮಾಡು. ಚುಕ್ಕೆ ಇರೋ ಪದಕ್ಕೆಲ್ಲ ಒತ್ತು ಕೊಡು. ಚುಕ್ಕೆ ತೆಗಿ. ಪ್ರಿಂಟ್ ಹಾಕಿ ನಮ್ ಬೈಂಡಿಂಗ್‌ನವನಿಗೆ ಕೊಡು. ನಾಳೆ ನನ್ ಪಟ್ಟಿ ಬದಲಾಯಿಸ್ತಾರೆ, ನಾನಿರಲ್ಲ. ಏನ್ ಮಾಡ್ತೀಯ ಹೇಳು?"

"ಚುಕ್ಕೆ ಇರೋ ಪದಕ್ಕೆಲ್ಲ ಒತ್ತು ಕೊಡ್ತೀನಿ. ಚುಕ್ಕೆ ತೆಗೀತೀನಿ. ಪ್ರಿಂಟ್ ಹಾಕ್ತೀನಿ."

ಸರಿಯಾಗೇ ಒಪ್ಪಿಸಿದ. ತಾಯಿಗೆ ನಂಬಿಕೆ ಬಂತು. ಪಾಪ, ನಮಗೂ ಬರುತ್ತಿತ್ತು.

ಶನಿವಾರ. ರೋಹಿಣಿ ನಕ್ಷತ್ರ. ಮಾದ ಚುಕ್ಕೆ ಇರೋ ಪದ ಒಂದೊಂದನ್ನೂ ಹುಡುಕಿದ. ಹುಡುಕಿ ಒತ್ತು ಕೊಟ್ಟ. ಯಾವ ಒತ್ತು? ಒತ್ತಕ್ಷರ! ಶಾಲೇಲಿ ಕಲಿಸಿದ್ದು ಅದೊಂದೇ ಅವನಿಗೆ ನೆನಪಿದ್ದದ್ದು. "ಅತ್ತೆ"ಗೆ ಮೊದಲೇ ಒತ್ತಿತ್ತು, ಮುಟ್ಟಲಿಲ್ಲ. "ಸೊಸೆ"ಗೆ ಚುಕ್ಕೆ ಇರಲಿಲ್ಲ, ಬಿಟ್ಟ. ಒಂದು ಕತೆಯಲ್ಲಿ ಅತ್ತೆ ಬಾಗಿಲಿಗೆ ಬೆಣೆ ಬಡಿಯುತ್ತಿದ್ದಳು, ಮಾದನ ಕೃಪೆಯಿಂದ ಬೆಣ್ಣೆ ಬಡಿದಳು. ಗೈಡಿಗೆ ಕೃತಜ್ಞತೆ ಹೇಳುವ ಕಡೆ ಯತಿರಾಜರು ಯತ್ತಿರಾಜರಾದರು, ಓದಿದವರಿಗೆ ಎತ್ತುಗಳ ಅರಸನೇ ಕಣ್ಣ ಮುಂದೆ ಬರಬೇಕು. ಇನ್ನು "ಕತೆ." ಅದೇ ತಾನೇ ಪ್ರಬಂಧದ ಜೀವ? ಮುಖಪುಟದಿಂದ ಹಿಡಿದು ಕೊನೇ ಪುಟದವರೆಗೂ ಮೇಡಂ ಅದಕ್ಕೆ ಚುಕ್ಕೆ ಇಟ್ಟಿದ್ದರು. ಮಾದ ಎಲ್ಲದಕ್ಕೂ ಒತ್ತು ಕೊಟ್ಟ.

ಬೈಂಡಿಂಗ್‌ನವನು ಕೊಟ್ಟದ್ದನ್ನು ಕೊಟ್ಟ ಹಾಗೆ ಅಚ್ಚೊತ್ತುವವನು. ಕೆಂಪು ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಒತ್ತಿದ: "ಅತ್ತೆ–ಸೊಸೆ ಕತ್ತೆಗಳು: ಒಂದು ಅಧ್ಯಯನ."

ಮಧ್ಯಾಹ್ನ ಶಾಲೆ ಬಿಟ್ಟು ಓಡಿಬಂದ ಮೇಡಂ ಪೇಪರಲ್ಲಿ ಸುತ್ತಿದ್ದ ಕಟ್ಟನ್ನು ಹಾಗೇ ಎತ್ತಿಕೊಂಡು ಯತಿರಾಜ ಸರ್ ಮನೆಗೆ ಓಡಿದರು. ಸರ್ ಊಟ ಮುಗಿಸಿ ಅಡಿಕೆ ಹೋಳು ಬಾಯಿಗಿಟ್ಟಿದ್ದರು. ಪೇಪರ್ ಬಿಚ್ಚಿ ರಟ್ಟು ನೋಡಿದರು. ಹುಬ್ಬು ಏರಿತು.

"ಕತ್ತೆಗಳು! ಒಳ್ಳೇ ವಿಷಯ ಕಣಮ್ಮ. ಇಲ್ಲೀವರೆಗೆ ಯಾರೂ ಮುಟ್ಟಿಲ್ಲ. ಇದನ್ನೇ ಮಾಡು ಅಂತ ನಾನು ಮೊದಲಿಂದ ಹೇಳ್ತಿದ್ದೆ ತಾನೆ?"

ಬಾಯಿ ತುಂಬ ಅಡಿಕೆ ಇತ್ತಲ್ಲ, ಮೇಡಂಗೆ "ಕತೆಗಳು" ಅಂತಲೇ ಕೇಳಿಸಿತು. "ಹೌದು ಸರ್" ಅಂದರು. ಸರ್ ಸಹಿ ಜಡಿದರು. ಮೇಡಂ ಆಫೀಸಿಗೆ ಓಡಿದರು. ಗುಮಾಸ್ತ ಠಪ್ ಅಂತ ಸೀಲು ಹೊಡೆದ. "ವರ್ಡ್ ಫೈಲ್ ಐದು ಗಂಟೆಯೊಳಗೆ ಈಮೇಲ್ ಮಾಡಿ. ಅದಿಲ್ಲ ಅಂದ್ರೆ ಇದೂ ಇಲ್ಲ" ಅಂದು ರಸೀತಿ ಹರಿದುಕೊಟ್ಟ.

ಮೆಟ್ಟಿಲ ಮೇಲೆ ನಿಂತು ಮೇಡಂ ರಸೀತಿಯಲ್ಲಿದ್ದ ಪ್ರಬಂಧದ ಹೆಸರು ಓದಿದರು. ಇನ್ನೊಂದು ಸಲ ಓದಿದರು. ಅಲ್ಲೇ ಕೂತುಬಿಟ್ಟರು.

ಅಂಗಡಿಗೆ ಬಂದಾಗ ಅವರು ಅಳುತ್ತಿದ್ದರು. "ದೇವಮ್ಮನೋರೆ, ನಮ್ಮತ್ತೆ ದಿನಾ ಅಂತಿದ್ರು, ಇದೇನು ಕತ್ತೆ ಕೆಲಸ ಮಾಡ್ತಿದ್ದೀಯೇ ಅಂತ. ಈಗ ಬಂಗಾರದ ಅಕ್ಷರದಲ್ಲಿ ಬರೆಸಿ ಕೊಟ್ಟ ಹಾಗಾಯ್ತು!"

ಪಟ್ಟಿ ಬದಲಾಯಿಸಿಕೊಂಡು ಆಗ ತಾನೇ ಬಂದಿದ್ದ ಕೆಂಪದೇವಮ್ಮ ರಸೀತಿ ನೋಡಿದಳು, ಮಗನ ಕಡೆ ತಿರುಗಿದಳು.

"ಕತೆಗೆ ಒತ್ತು ಕೊಟ್ಯೇನೋ?"

"ಕೊಟ್ಟೆ ಅವ್ವ! ಒಂದನ್ನೂ ಬಿಟ್ಟಿಲ್ಲ!"

"ತೆಗಿಯೋ! ಒತ್ತು ತೆಗಿ! ಮೊದ್ಲು ಆ ಒತ್ತೆಲ್ಲ ತೆಗೆದು ಈಮೇಲ್ ಕಳ್ಸು! ಐದು ಗಂಟೆಯೊಳಗೆ!" ಅಂತ ಕೂಗಿ, ಮೇಡಂಗೆ ಕಾಫಿ ತರಿಸಿ, ಸೆರಗಲ್ಲಿ ಗಾಳಿ ಬೀಸುತ್ತಾ ಸಮಾಧಾನ ಮಾಡುತ್ತಾ ಕೂತಳು.

ಒಳಗೆ ಮಾದನ ಬೆರಳು ಕುದುರೆ ಓಡಿದ ಹಾಗೆ ಓಡಿತು. ಒತ್ತೆಲ್ಲ ತೆಗಿ ಅಂದಳಲ್ಲ ಅವ್ವ? ಒತ್ತು ಕೊಡೋದು ಕಷ್ಟ, ಎಲ್ಲಿ ಚುಕ್ಕೆ ಇದೆ ಅಂತ ನೋಡಬೇಕು. ತೆಗೆಯೋದೇನು ಮಹಾ? ಎಲ್ಲಾದರೂ ಒತ್ತು ಕಂಡರೆ ಸರಿ, ಕಿತ್ತುಹಾಕೋದೇ. ಗೋಡೆ ಗಡಿಯಾರ ಐದು ಹೊಡೆಯೋಕೆ ಮುಂಚೆ ಫೈಲು ಹೋಯಿತು.

ಮೇಡಂ ಕಾಫಿ ಲೋಟ ಹಿಡಿದೇ ಒಳಗೆ ಬಂದು ತೆರೆ ನೋಡಿದರು. ಮೊದಲ ಪುಟ ಹೀಗಿತ್ತು: "ಅತೆ–ಸೊಸೆ ಕತೆಗಳು: ಒಂದು ಅಧಯನ. ಡಾಕರೇಟ್ ಪದವಿಗಾಗಿ ವಿಶವಿದಾಲಯಕೆ ಶೀಮತಿ ವನಜಾಕಿ ಅವರು ಒಪಿಸಿದ ಪಬಂಧ."

ಆ ಪುಟದಲ್ಲಿ ಒತ್ತು ಹೋಗಿ ಸರಿಯಾದದ್ದು "ಕತೆ" ಒಂದು ಮಾತ್ರ.

ಮೇಡಂ ಅತ್ತರೋ ನಕ್ಕರೋ ಅವರಿಗೇ ಗೊತ್ತಾಗಲಿಲ್ಲ. ಕೆಂಪದೇವಮ್ಮ ಮಾತ್ರ ಅವತ್ತು ಕೂಗಲಿಲ್ಲ. ಕೂಗೋಕೆ ಗಂಟಲೇ ಉಳಿದಿರಲಿಲ್ಲ. ಮಗನ ತಲೆ ಸವರಿ ಹೇಳಿದಳು, "ಮಾದ, ಇನ್ಮೇಲೆ ನನ್ ಮಾತು ಕೇಳ್ಬೇಡ ಕಣಪ್ಪ. ನನಗೆ ಹೇಳೋಕೆ ಬರಲ್ಲ. ವಿಶ್ವವಿದ್ಯಾಲಯದವ್ರು ಓದಿದವರು. ಅವ್ರು ಹೇಗೆ ಬರೀತಾರೋ ನೀನೂ ಹಾಗೇ ಬರಿ, ಹಾಗೇ ಮಾತಾಡು."

"ಓದಿದವರು ಬರೆದ ಹಾಗೆ. ತಿಳೀತು ಅವ್ವ."

ತಿಂಗಳುಗಳು ಹೋದವು. ಮೇಡಂ ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದರು. ಕೊನೆಗೆ ಮೌಖಿಕ ಪರೀಕ್ಷೆಗೆ ಕರೆ ಬಂತು. ಮೇಜಿನ ಮೇಲೆ ಕೆಂಪು ರಟ್ಟಿನ ಪುಸ್ತಕ ಹೊಳೆಯುತ್ತಿತ್ತು. ಅದನ್ನು ತೆರೆದವರು ಯಾರೂ ಇರಲಿಲ್ಲ, ರಟ್ಟನ್ನು ಓದಿದವರು ಎಲ್ಲರೂ ಇದ್ದರು. ಯತಿರಾಜ ಸರ್ ಎದ್ದು ನಿಂತು, ನಮ್ಮ ಜನಪದದಲ್ಲಿ ಕತ್ತೆ, ಕತ್ತೆಯ ತಾಳ್ಮೆ, ಕತ್ತೆಯ ತಾತ್ವಿಕತೆ ಅಂತ ಎಲ್ಲರೂ ಆಕಳಿಸುವವರೆಗೂ ಮಾತಾಡಿದರು. ಹೊರಗಿಂದ ಬಂದಿದ್ದ ಪರೀಕ್ಷಕರು ತಲೆದೂಗಿ, ಕನ್ನಡಕ ಏರಿಸಿ ಕೇಳಿದರು, "ಒಂದು ಮುಖ್ಯ ಪ್ರಶ್ನೆ. ಅತ್ತೆ ಕತ್ತೆಗೂ ಸೊಸೆ ಕತ್ತೆಗೂ ಏನಮ್ಮ ವ್ಯತ್ಯಾಸ?"

ಮೇಡಂ ಕೆಂಪು ರಟ್ಟನ್ನು ನೋಡಿದರು. ಅವರಿಗೆ ಹಳ್ಳಿ ಮುದುಕಿಯರೆಲ್ಲ ನೆನಪಾದರು. ಮನೆಯ ಅತ್ತೆಯೂ ನೆನಪಾದರು, ಮೊದಲ ಸಲ ಸಿಟ್ಟಿಲ್ಲದೆ.

"ಭಾರ ಒಂದೇ ಸರ್. ಅತ್ತೆ ಮೊದಲು ಹೊತ್ತಳು. ಸೊಸೆ ಈಗ ಹೊರ್ತಿದ್ದಾಳೆ. ಅಷ್ಟೇ ವ್ಯತ್ಯಾಸ."

ಎಲ್ಲರೂ ಚಪ್ಪಾಳೆ ತಟ್ಟಿದರು. ವನಜಾಕ್ಷಿ ಮೇಡಂ ಡಾಕ್ಟರಾದರು. ಮಾದನ ಕತ್ತೆ ಹಾಗೂ ಹೀಗೂ ಅವರನ್ನು ದಡಕ್ಕೆ ತಂದು ಬಿಟ್ಟಿತು.

ಆದರೆ ಪದವಿ ಪತ್ರ ಬರಬೇಕಲ್ಲ? ಆಫೀಸಿನವರಿಗೆ ಟೈಪ್ ಮಾಡೋಕೆ ಬೇಜಾರು. ವರ್ಡ್ ಫೈಲಿನ ಮೊದಲ ಪುಟದಿಂದ ಹೆಸರು ಪದವಿ ಎಲ್ಲಾ ಎತ್ತಿ ಅಂಟಿಸಿದರು. ದಪ್ಪ ಕಾಗದ, ಗೋಪುರದ ಮುದ್ರೆ, ದೊಡ್ಡವರ ದೊಡ್ಡ ಸಹಿ. ಮೇಡಂ ಸಿಹಿ ಪೊಟ್ಟಣದ ಜೊತೆ ಅದನ್ನು ಅಂಗಡಿಗೆ ತಂದು ತೋರಿಸಿದರು. ನಗು ತಡೆಯಲಾಗದೆ ಅವರೇ ಓದಿದರು: "ಶೀಮತಿ ವನಜಾಕಿ ಅವರಿಗೆ ವಿಶವಿದಾಲಯವು ಡಾಕರೇಟ್ ಪದವಿ ನೀಡಿದೆ."

ಮಾದ ಕಣ್ಣರಳಿಸಿ ನೋಡಿದ. ಓದಿದವರು ಹೀಗೆ ಬರೀತಾರೆ! ಒಂದು ಜಹಾಂಗೀರು ಬಾಯಿಗೆ ಹಾಕಿಕೊಂಡು, ಸುಣ್ಣದ ಡಬ್ಬ ಹಿಡಿದು ಹೊರಗೆ ಹೋದ.

ಮಾರನೇ ದಿನ ಬೆಳಗ್ಗೆ ಅಂಗಡಿ ಮುಂದೆ ಜನವೋ ಜನ. ಮಕ್ಕಳೆಲ್ಲ ಶಾಲೆಗೆ ಹೋಗದೆ ನಿಂತುಬಿಟ್ಟಿವೆ. ಕೆಂಪದೇವಮ್ಮ ಜನರನ್ನು ಸರಿಸಿಕೊಂಡು ಬಂದು ತಲೆ ಎತ್ತಿ ಬೋರ್ಡು ನೋಡಿದಳು. ಒತ್ತು ಇದ್ದ ಕಡೆಯೆಲ್ಲ ಸುಣ್ಣ ಬಳಿದಿತ್ತು.

"ಕೆಂಪದೇವಮ ಡಿ.ಟಿ.ಪಿ., ಝೆರಾಕ್ ಮತು ಬೈಂಡಿಂಗ್. ಇಲಿ ತಪಿಲದೆ ಟೈಪ್ ಮಾಡಿಕೊಡಲಾಗುವುದು."

"ಆಂಟಿ, ಆಂಟಿ! ಟೈಪ್ ಮಾಡೋ ಇಲಿ ಎಲ್ಲಿ?" ಅಂತ ಮಕ್ಕಳು ಕುಣಿದವು.

ಕೆಂಪದೇವಮ್ಮ ಒಳಗೆ ಕೂತಿದ್ದ ಮಗನ ಕಡೆ ಬೆರಳು ತೋರಿಸಿದಳು.

ಮಾದ ಹಿಂದೆ ನೋಡಿದ, ಮುಂದೆ ನೋಡಿದ, ಕಾಲ ಕೆಳಗೆ ನೋಡಿದ. ಹೆದರಿ ಕುರ್ಚಿ ಮೇಲೆ ಹತ್ತಿ ನಿಂತು ಕೂಗಿದ:

"ಎಲಿ ಅವಾ? ಎಲಿ?"